ಇಂಡಕ್ಷನ್ ಕಾರ್ಯಕ್ರಮ: ಸಭಾಂಗಣದ ಮೈಕು, ಪ್ರಯೋಗಾಲಯದ ಸ್ಟೂಲು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ ಸಿವಿಲ್ ವಿಭಾಗಕ್ಕೆ ಸಿಇಟಿ ಮೂಲಕ ಸೇರಿದ ನಾನು, ಪಾಠಗಳು ಆರಂಭವಾಗುವ ಮುನ್ನ ಹೊಸಬರಿಗಾಗಿ ನಡೆದ ಇಂಡಕ್ಷನ್ ಕಾರ್ಯಕ್ರಮದ ಬಗ್ಗೆ, ಮುಖ್ಯವಾಗಿ ಅಲ್ಲಿ ಸಹಪಾಠಿಗಳ ಪರಿಚಯವನ್ನು ಮಾಡಿಸಿದ ಬಗೆಯ ಕುರಿತು ಬರೆಯುತ್ತಿದ್ದೇನೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇದನ್ನು ಮೊದಲು 3 ವಾರಗಳ ಕಾರ್ಯಕ್ರಮವಾಗಿ ರೂಪಿಸಿತ್ತು; ನಮ್ಮಲ್ಲಿ ಅದು 8 ದಿನಗಳಲ್ಲಿ ಮುಗಿಯಿತು.

ಮೊದಲ ದಿನ ಎಲ್ಲ ವಿಭಾಗಗಳವರನ್ನೂ ಸಭಾಂಗಣದಲ್ಲಿ ಕೂರಿಸಿ, ಒಂದೇ ಮೈಕನ್ನು ಸಾಲಿನಿಂದ ಸಾಲಿಗೆ ದಾಟಿಸಲಾಯಿತು. ಮೊದಲು ಎದ್ದ ಹುಡುಗ ಹೆಸರಿನ ಜೊತೆಗೆ ತನ್ನ ಸಿಇಟಿ ರ‍್ಯಾಂಕನ್ನೂ ಹೇಳಿದ್ದರಿಂದ, ಯಾರೂ ಕೇಳದಿದ್ದರೂ ಉಳಿದವರೆಲ್ಲ ಅದನ್ನು ಹೇಳಲೇಬೇಕಾಯಿತು. ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಬಂದವರು ಆ ಜಾಗದಲ್ಲಿ ತಡವರಿಸಿದ್ದನ್ನು ಗಮನಿಸಿದಾಗ, ಪಕ್ಕದಲ್ಲಿ ಕುಳಿತಿದ್ದ ನನಗೇ ಸಂಕೋಚವಾಯಿತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬಸ್ಸಿನಲ್ಲಿಯೇ ಇಂಗ್ಲಿಷಿನ ನಾಲ್ಕು ವಾಕ್ಯಗಳನ್ನು ಉರುಹೊಡೆದು ಬಂದಿದ್ದೆ. ಎರಡನೆಯದನ್ನು ಹೇಳುವಷ್ಟರಲ್ಲಿ ಮೈಕು ಕೀರಲಿತು, ‘ಹೊಸದುರ್ಗ’ ಎಂದದ್ದು ಹಿಂದಿನ ಸಾಲಿಗೆ ‘ಹೊಸಪೇಟೆ’ ಎಂದು ಕೇಳಿಸಿತು. ಮಧ್ಯಾಹ್ನ ಊಟದ ಸಾಲಿನಲ್ಲಿ ಒಬ್ಬನು, ‘2024ರಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನೀನು ಅಲ್ಲೇ ಇದ್ದೆಯಾ?’ ಎಂದು ಆಸಕ್ತಿಯಿಂದ ವಿಚಾರಿಸಿದನು.

ಯೋಗ, ಅತಿಥಿಗಳ ಭಾಷಣ, ಗ್ರಂಥಾಲಯ ದರ್ಶನ ಎಲ್ಲವೂ ನಡೆದವು. ದೂರುವಂಥದ್ದೇನೂ ಇಲ್ಲ, ನೆನಪಿನಲ್ಲಿ ಉಳಿದದ್ದೂ ಇಲ್ಲ.

ಈ ಕಾರ್ಯಕ್ರಮಕ್ಕೆ ಬೆಲೆ ಬಂದದ್ದು ನಾಲ್ಕನೆಯ ದಿನ, ಪರಿಷತ್ತಿನ ಮಾರ್ಗಸೂಚಿಯಲ್ಲಿರುವಂತೆ 20 ಜನರ ಗುಂಪಿಗೆ ಒಬ್ಬರು ಮಾರ್ಗದರ್ಶಕರನ್ನು ಕೊಟ್ಟಾಗ. ನಮಗೆ ಸಿಕ್ಕ ರಸಾಯನಶಾಸ್ತ್ರದ ಮೇಡಂ ಪ್ರಯೋಗಾಲಯದ ಸ್ಟೂಲುಗಳನ್ನು ವೃತ್ತಾಕಾರದಲ್ಲಿ ಹಾಕಿಸಿ, ರ‍್ಯಾಂಕನ್ನು ಯಾರೂ ಹೇಳಕೂಡದೆಂದು ಮೊದಲೇ ತಾಕೀತು ಮಾಡಿ, ಯಾವ ಭಾಷೆಯಲ್ಲಾದರೂ ಸರಿ, ಈ ವಿಭಾಗವನ್ನೇ ಏಕೆ ಆರಿಸಿಕೊಂಡಿರೆಂಬುದನ್ನು ಮಾತ್ರ ಹೇಳಿರೆಂದರು. ಆಗ ನಾನು, 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದನ್ನು, ಅದನ್ನು ನೋಡಲು ಮಾರಿಕಣಿವೆಗೆ ಅಜ್ಜನನ್ನು ಕರೆದುಕೊಂಡು ಹೋದದ್ದನ್ನು, ನೂರು ವರ್ಷ ದಾಟಿದ ಕಟ್ಟೆ ಅಷ್ಟು ನೀರನ್ನು ಹೇಗೆ ತಡೆದೀತೆಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರದಿದ್ದುದನ್ನು ಕನ್ನಡದಲ್ಲಿಯೇ ಹೇಳಿದೆ. ಬಿಹಾರದಿಂದ ಬಂದಿದ್ದ ಹುಡುಗನಿಗೆ ಪಕ್ಕದವಳು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಈಗ ಕನ್ನಡದ ಪಾಠದಲ್ಲಿ, ಭಾಷೆ ಬಾರದ ಅವನಿಗೆ ‘ಬಳಕೆ ಕನ್ನಡ’, ಬಲ್ಲ ನಮಗೆ ‘ಸಾಂಸ್ಕೃತಿಕ ಕನ್ನಡ’. ಆ ಒಂದು ಅವಧಿಯನ್ನು ಬಿಟ್ಟರೆ ನಾವು ಮೂವರೂ ಒಂದೇ ಬೆಂಚಿನವರು.

ಇಷ್ಟು ಒಳ್ಳೆಯ ಏರ್ಪಾಡಿಗೆ ದೊರೆತದ್ದು ಎರಡೇ ಗಂಟೆ, ಅದೂ ಒಂದೇ ದಿನ. ಪಕ್ಕದ ಗುಂಪಿನ ಮಾರ್ಗದರ್ಶಕರು ಹಾಜರಿ ಹಾಕಿಕೊಂಡು ಹೊರಟುಹೋದರೆಂದು ಅಲ್ಲಿದ್ದ ಗೆಳೆಯ ಹೇಳಿದ. ಹಾಗಾಗಿ ನನ್ನ ಮೆಚ್ಚುಗೆಯಲ್ಲಿ ಎಷ್ಟು ಪಾಲು ಕಾರ್ಯಕ್ರಮಕ್ಕೆ, ಎಷ್ಟು ಮೇಡಂ ಅವರಿಗೆ ಸಲ್ಲಬೇಕೆಂಬುದನ್ನು ಓದುವವರೇ ಲೆಕ್ಕಹಾಕಿಕೊಳ್ಳಬಹುದು. ಸಭಾಂಗಣದ ಅರ್ಧ ದಿನವನ್ನು ಕೈಬಿಟ್ಟು ಆ ಸಮಯವನ್ನು ಇಂಥ ಗುಂಪುಗಳಿಗೆ ಕೊಟ್ಟರೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ. ಕೊನೆಯ ದಿನ ತುಂಬಿಸಿಕೊಂಡ ಅಭಿಪ್ರಾಯ ಪತ್ರದಲ್ಲಿ ಊಟ, ಆಸನ ವ್ಯವಸ್ಥೆ, ಭಾಷಣಗಳ ಕುರಿತ ಪ್ರಶ್ನೆಗಳಿದ್ದವೇ ಹೊರತು, ಎಷ್ಟು ಸಹಪಾಠಿಗಳ ಪರಿಚಯವಾಯಿತೆಂಬ ಪ್ರಶ್ನೆ ಇರಲಿಲ್ಲ. ‘ಇತರೆ’ ಎಂದು ಬಿಟ್ಟಿದ್ದ ಎರಡು ಗೆರೆಗಳಲ್ಲಿ ಹತ್ತೊಂಬತ್ತು ಹೆಸರುಗಳನ್ನು ಒತ್ತೊತ್ತಾಗಿ ಬರೆದುಕೊಟ್ಟೆ.