ಪಾಸ್ತಾ ಸಾಸ್‌ಗೆ ಯಾವ ಟೊಮೆಟೊ? ಹಸಿ, ಡಬ್ಬಿ, ಓವನ್ ಮೂರೂ ಮಾಡಿ ನೋಡಿದೆ

ಮನೆಯಲ್ಲೇ ಸಾಸ್ ಮಾಡುವುದಾದರೆ ತಾಜಾ ಟೊಮೆಟೊನೇ ಬೇಕು, ಡಬ್ಬಿಯದು ಬಳಸಿದರೆ ಅರ್ಧ ಮೋಸ ಅನ್ನುವವರು ಬಹಳ. ನನಗೆ ಈ ಮಾತಿನ ಮೇಲೆ ಅನುಮಾನವಿತ್ತು. ಮೂರು ಥರ ಮಾಡಿ, ಅಕ್ಕಪಕ್ಕ ಇಟ್ಟು ತಿಂದು ನೋಡಿದೆ. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಉಪ್ಪು, ಬೇಸಿಲ್ ಎಲೆ ಮೂರಕ್ಕೂ ಒಂದೇ.

ಮೊದಲು ಹಸಿ ಟೊಮೆಟೊ. ಬುಡದಲ್ಲಿ ಗುಣಿಸು ಗುರುತಿನ ಹಾಗೆ ಕೊಯ್ದು, ಕುದಿಯುವ ನೀರಿನಲ್ಲಿ 30 ಸೆಕೆಂಡ್ ಅದ್ದಿ, ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ಕಷ್ಟ ಆಮೇಲೆ ಶುರು. ಟೊಮೆಟೊದಲ್ಲಿ ಸುಮಾರು 95% ನೀರೇ. ಅದನ್ನೆಲ್ಲ ಇಂಗಿಸಿ ಸಾಸ್ ಗಟ್ಟಿಯಾಗುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗುತ್ತದೆ. ಅಷ್ಟರಲ್ಲಿ ಯಾವ ತಾಜಾ ಘಮಕ್ಕೆ ಇಷ್ಟೆಲ್ಲ ಒದ್ದಾಡಿದೆವೋ ಅದೂ ಹಬೆಯಲ್ಲಿ ಹೋಗಿರುತ್ತದೆ. ಅಗಲವಾದ ಬಾಣಲೆ ಇದ್ದರೆ ಸ್ವಲ್ಪ ಬೇಗ ಆಗುತ್ತದೆ. ನೀರು ಕಮ್ಮಿ ಮಾಡೋಣ ಅಂತ ಬೀಜದ ಸುತ್ತಲಿನ ಲೋಳೆಯನ್ನು ಎಸೆಯಬೇಡಿ. ಬಾಯಲ್ಲಿ ನೀರೂರಿಸುವ ಗ್ಲುಟಮೇಟ್ ಎಂಬ ರುಚಿಯ ಅಂಶ ತಿರುಳಿಗಿಂತ ಅದರಲ್ಲೇ ಜಾಸ್ತಿ. ಬೀಜ ಬೇಡವಾದರೆ ಜರಡಿಯಲ್ಲಿ ಸೋಸಿ ರಸ ಉಳಿಸಿಕೊಳ್ಳಿ.

ಡಬ್ಬಿ ಟೊಮೆಟೊ ನನ್ನ ಲೆಕ್ಕದಲ್ಲಿ ಸುಲಭವಾಗಿ ಗೆದ್ದಿತು. ಡಬ್ಬಿಗೆ ಹೋಗುವ ಹಣ್ಣನ್ನು ಚೆನ್ನಾಗಿ ಕೆಂಪಾದ ಮೇಲೆ ಕೀಳುತ್ತಾರೆ. ದೂರ ಸಾಗಿಸಿ ಮಾರುವ ಹಣ್ಣನ್ನು ದೋರುಗಾಯಿ ಇರುವಾಗಲೇ ಕಿತ್ತಿರುತ್ತಾರೆ. ರುಚಿಯ ವ್ಯತ್ಯಾಸ ಅಲ್ಲಿಂದಲೇ ಬರುತ್ತದೆ, ಅಲ್ವಾ? 20-25 ನಿಮಿಷದಲ್ಲಿ ಸಾಸ್ ತಯಾರು. ಆದರೆ ಸಿಪ್ಪೆ ತೆಗೆದ ಇಡೀ ಟೊಮೆಟೊದ ಡಬ್ಬಿಯನ್ನೇ ತನ್ನಿ, ಕೈಯಲ್ಲೇ ಹಿಸುಕಿ ಹಾಕಿ. ಹೆಚ್ಚಿದ ತುಂಡುಗಳ ಡಬ್ಬಿಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ತುಂಡು ಗಟ್ಟಿಯಾಗಿ ಉಳಿಯಲಿ ಅಂತ ಹಾಕುವುದು ಅದು. ಹಾಗಾಗಿ ಎಷ್ಟು ಬೇಯಿಸಿದರೂ ಕರಗುವುದಿಲ್ಲ, ಸಾಸ್ ಪಾಸ್ತಾಗೆ ಹಿಡಿಯುವುದೂ ಇಲ್ಲ.

ಡಬ್ಬಿಯದರಲ್ಲಿ ಒಂದು ಕಿರಿಕಿರಿ ಎಂದರೆ ಹುಳಿ. ಸಕ್ಕರೆ ಹಾಕಿದರೆ ಹುಳಿ ಮರೆಯಾಗುತ್ತದೆ ಅಷ್ಟೇ, ಹೋಗುವುದಿಲ್ಲ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೊರೆ ಬಂದು ಹುಳಿ ನಿಜವಾಗಿಯೂ ಇಳಿಯುತ್ತದೆ. ಚಿಟಿಕೆ ದಾಟಿದರೆ ಸಾಬೂನಿನ ವಾಸನೆ, ಜೋಕೆ.

ಓವನ್ ದಾರಿ ಸಪ್ಪೆ ಟೊಮೆಟೊಗೆ ಹೇಳಿ ಮಾಡಿಸಿದ್ದು. ಅರ್ಧಕ್ಕೆ ಕೊಯ್ದು, ಎಣ್ಣೆ ಸವರಿ, ಕೊಯ್ದ ಭಾಗ ಮೇಲೆ ಬರುವಂತೆ ಜೋಡಿಸಿ 200 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಡಿ. ಸುಮ್ನೆ ಬಿಟ್ಟುಬಿಡಬಹುದು, ಕೈಯಾಡಿಸುವ ಕೆಲಸವಿಲ್ಲ. ನೀರು ಇಂಗಿ, ಅಂಚು ಕಂದಾಗಿ, ಸಿಹಿ ಎದ್ದು ಬರುತ್ತದೆ. ಬೆಳ್ಳುಳ್ಳಿಯನ್ನೂ ಸಿಪ್ಪೆ ಸಮೇತ ಜೊತೆಗೇ ಇಟ್ಟರೆ ಬೆಣ್ಣೆಯ ಹಾಗೆ ಮೆತ್ತಗಾಗುತ್ತದೆ. ಸಾಸ್ ಸ್ವಲ್ಪ ಭಾರ, ಬಣ್ಣವೂ ಗಾಢ. ತೆಳ್ಳಗಿನ ಸ್ಪಗೆಟ್ಟಿಗೆ ನನಗೆ ಹಿಡಿಸಲಿಲ್ಲ. ರಿಗಟೋನಿಯಂಥ ದಪ್ಪ ಕೊಳವೆ ಪಾಸ್ತಾಗೆ ಮಾತ್ರ ಸೊಗಸು.

ಈರುಳ್ಳಿ ಹಾಕುವವರು ಅದನ್ನು ಎಣ್ಣೆಯಲ್ಲೇ ಪೂರ್ತಿ ಮೆತ್ತಗಾಗಿಸಿ, ಆಮೇಲೆ ಟೊಮೆಟೊ ಸೇರಿಸಿ. ಹುಳಿ ಬಿದ್ದ ಮೇಲೆ ಈರುಳ್ಳಿ ಬೇಯಲು ಹಟ ಮಾಡುತ್ತದೆ. ಯಾವ ಸಾಸ್ ಆದರೂ ಕೊನೆಗೆ ಪಾಸ್ತಾ ಬೇಯಿಸಿದ ನೀರು ಒಂದು ಸೌಟು ಬೇಕು. ಅದರಲ್ಲಿರುವ ಗಂಜಿಯಿಂದ ಎಣ್ಣೆ ಮತ್ತು ರಸ ಒಂದಾಗುತ್ತವೆ.

ಹಾಗಾದರೆ ಹಸಿ ಟೊಮೆಟೊ ದಂಡವೇ? ಗಿಡದಲ್ಲೇ ಹಣ್ಣಾದದ್ದು ಸಿಕ್ಕಿದರೆ ಅಲ್ಲ. ಆಗ ಒಲೆಯನ್ನೇ ಹಚ್ಚಬೇಡಿ. ಸಣ್ಣಗೆ ಹೆಚ್ಚಿ, ಉಪ್ಪು, ಎಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕಿ ಅರ್ಧ ಗಂಟೆ ಬಿಡಿ. ಉಪ್ಪಿಗೆ ಅದೇ ರಸ ಬಿಟ್ಟುಕೊಳ್ಳುತ್ತದೆ. ಬಿಸಿ ಪಾಸ್ತಾವನ್ನು ಅದರ ಮೇಲೆ ಸುರಿದು ಕಲಸಿದರೆ ಆಯಿತು. ಈ ಒಂದು ಸಾಸ್ ಮುಂದೆ ಡಬ್ಬಿಯೂ ಇಲ್ಲ, ಓವನ್ನೂ ಇಲ್ಲ.