ಕಾರ್ಪೆಟ್, ವಿನೈಲ್, ಓಕ್: ಬಾಡಿಗೆ ಮನೆಗೆ ನನ್ನ ಆಯ್ಕೆ ಮರದ ನೆಲ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕಾರ್ಪೆಟ್ ಹಾಸಿದ ಮನೆ. ಆಮೇಲೆ ಜೆರ್ಸಿ ಸಿಟಿಯ ಹೊಸ ಟವರಿನಲ್ಲಿ ವಿನೈಲ್ ನೆಲ. ಈಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಹಳೇ ಇಟ್ಟಿಗೆ ಕಟ್ಟಡದಲ್ಲಿ ಓಕ್ ಮರದ ನೆಲ. ಮೂರರಲ್ಲೂ ಬಾಡಿಗೆಗಿದ್ದು ಹೇಳುತ್ತಿದ್ದೇನೆ: ನೆಲದ ಮೇಲೆ ಕೂತು ಉಣ್ಣುವ, ದಿನಾ ಒಗ್ಗರಣೆ ಹಾಕುವ ನಮ್ಮಂಥವರಿಗೆ ಮರದ ನೆಲವೇ ಸರಿ.

ಕಾರ್ಪೆಟ್ ಕಾಲಿಗೆ ಬೆಚ್ಚಗಿರುತ್ತದೆ, ಕೆಳಗಿನ ಮನೆಗೆ ಸದ್ದು ಹೋಗುವುದಿಲ್ಲ. ಅದರ ಗುಣ ಅಷ್ಟಕ್ಕೇ ಮುಗಿಯಿತು. ಸಾರು ಚೆಲ್ಲಿದರೆ ಅರಿಶಿನದ ಕಲೆ ಹೋಗುವುದೇ ಇಲ್ಲ. ಒಗ್ಗರಣೆಯ ವಾಸನೆ ಎಳೆಗಳಲ್ಲೇ ಉಳಿಯುತ್ತದೆ. ನಮಗಿಂತ ಮೊದಲು ಇದ್ದವರ ನಾಯಿಕೂದಲು ಎಷ್ಟು ವ್ಯಾಕ್ಯೂಮ್ ಮಾಡಿದರೂ ಬರುತ್ತಲೇ ಇತ್ತು. ಮನೆ ಬಿಡುವಾಗ ಊಟದ ಜಾಗದ ಒಂದು ಕಲೆಗೆಂದು ಡೆಪಾಸಿಟ್‌ನಲ್ಲಿ ದೊಡ್ಡ ಮೊತ್ತವನ್ನೇ ಹಿಡಿದುಕೊಂಡರು. ನ್ಯೂಜೆರ್ಸಿಯಲ್ಲಿ ಒಂದೂವರೆ ತಿಂಗಳ ಬಾಡಿಗೆಯವರೆಗೂ ಡೆಪಾಸಿಟ್ ಕೇಳಬಹುದು. ನ್ಯೂಯಾರ್ಕಿನಲ್ಲಿ 2019ರ ಕಾನೂನು ಬಂದ ಮೇಲೆ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಮನೆ ಬಿಟ್ಟ 14 ದಿನದೊಳಗೆ ಯಾವುದಕ್ಕೆ ಎಷ್ಟು ಹಿಡಿದರು ಎಂಬ ಲೆಕ್ಕವನ್ನೂ ಕೊಡಬೇಕು. ಇದು ನನಗೆ ದೊಡ್ಡ ಸಮಾಧಾನ.

ವಿನೈಲ್‌ಗೆ ಒಂದು ಮಾತು ಸಾಕು. ಊರಲ್ಲಿ ಒರೆಸುವ ಹಾಗೆ ಒದ್ದೆ ಬಟ್ಟೆ ಹಾಕಿ ಒರೆಸಬಹುದು, ಆ ಸುಖ ಮರದಲ್ಲಿಲ್ಲ. ಆದರೆ ಮರದ ಚಿತ್ರ ಅಚ್ಚಾದ ಪ್ಲಾಸ್ಟಿಕ್ ಅದು. ಗೀರು ಬಿದ್ದರೆ ಉಜ್ಜಿ ಹೊಸದು ಮಾಡಲಾಗದು, ಆ ಹಲಗೆಯನ್ನೇ ಬದಲಿಸಬೇಕು.

ಇನ್ನು ಮರದ ನೆಲದ ತೊಂದರೆ. ದೊಡ್ಡದು ಒಂದೇ: ಸದ್ದು. ನಮ್ಮಲ್ಲಿ ಮಗಳು ಓಡಿದರೆ ಕೆಳಗಿನ ಮನೆಯವರಿಗೆ ತಲೆ ಮೇಲೆ ಓಡಿದ ಹಾಗೆ ಕೇಳುತ್ತದೆ. ಅದಕ್ಕೇ ನ್ಯೂಯಾರ್ಕಿನ ಬಹಳಷ್ಟು ಲೀಸ್‌ಗಳಲ್ಲಿ, ಅಂದರೆ ಬಾಡಿಗೆ ಕರಾರುಗಳಲ್ಲಿ, ಒಂದು ಷರತ್ತು ಇರುತ್ತದೆ: ಅಡುಗೆಮನೆ, ಬಚ್ಚಲು ಬಿಟ್ಟು ಉಳಿದ ನೆಲದ ಶೇಕಡಾ 80 ಭಾಗವನ್ನು ರಗ್ (ಎತ್ತಿಡಬಹುದಾದ ಬಿಡಿ ನೆಲಹಾಸು) ಹಾಸಿ ಮುಚ್ಚಬೇಕು. ಇದು ನಗರದ ಕಾನೂನಲ್ಲ, ಓನರ್ ಬರೆಸುವ ಮಾತು. ಆದರೂ ಸಹಿ ಹಾಕಿದ ಮೇಲೆ ಪಾಲಿಸಲೇಬೇಕು. ಕೆಳಗಿನವರು ದೂರು ಕೊಟ್ಟ ದಿನ ಓನರ್ ಮೊದಲು ಕೇಳುವುದೇ ಅದನ್ನು.

ಲೆಕ್ಕ ಹಾಕಿ ನೋಡಿ. ನಮ್ಮ ಹಾಲ್ 12 ಅಡಿಗೆ 18 ಅಡಿ, ಅಂದರೆ 216 ಚದರ ಅಡಿ. ಅದರ ಶೇಕಡಾ 80 ಭಾಗ ಸುಮಾರು 173. ಅಂಗಡಿಯಲ್ಲಿ ಸುಲಭವಾಗಿ ಸಿಗುವ 8ಕ್ಕೆ 10ರ ರಗ್ ಎರಡು ಹಾಕಿದರೂ 160 ಅಷ್ಟೇ ಆಗುತ್ತದೆ. ಕೊನೆಗೆ 2ಕ್ಕೆ 8ರ ಉದ್ದನೆಯದೊಂದು ಸೇರಿಸಿದ ಮೇಲೆ 176 ಆಯಿತು. ಮಲಗುವ ಕೋಣೆಗೆ ಬೇರೆ. ಬಾಡಿಗೆ ಹೋಲಿಸುವಾಗ ಈ ಖರ್ಚನ್ನೂ ಸೇರಿಸಿಕೊಳ್ಳಬೇಕು, ಇದನ್ನು ಯಾರೂ ಹೇಳುವುದಿಲ್ಲ.

ಬರೀ ರಗ್ ಹಾಸಿದರೂ ಸಾಲದು. ತೆಳು ರಗ್ ಹಾಸಿದಾಗ ದೂರು ನಿಲ್ಲಲಿಲ್ಲ. ಕೆಳಗೆ ದಪ್ಪ ಫೆಲ್ಟ್ ಪ್ಯಾಡ್ ಹಾಕಿದ ಮೇಲೆ ಹೆಜ್ಜೆ ಸದ್ದು ನಿಜವಾಗಿಯೂ ಇಳಿಯಿತು. ಪ್ಯಾಡ್ ತರುವಾಗ ಅಗ್ಗದ ಪ್ಲಾಸ್ಟಿಕ್ ಜಾಲರಿಯದು ಬೇಡ, ಕೆಲವು ಮರದ ಪಾಲಿಶ್‌ಗೆ ಅಂಟಿ ಬಣ್ಣ ಕೆಡಿಸುತ್ತವೆ. ಮಿಕ್ಸಿ ಅಡುಗೆಮನೆಯಲ್ಲಿರುತ್ತದೆ, ಅಲ್ಲಿ ರಗ್ ಇಲ್ಲ. ಅದರ ಕೆಳಗೆ ಮಡಚಿದ ಟವೆಲ್ ಇಟ್ಟರೆ ಅದುರು ಕಮ್ಮಿಯಾಗುತ್ತದೆ. ರಾತ್ರಿ ಹತ್ತರ ಮೇಲೆ ನಾವು ರುಬ್ಬುವುದಿಲ್ಲ. ಮಾತಿನ ಸದ್ದು, ಟಿವಿ ಸದ್ದಿಗೆ ಮಾತ್ರ ರಗ್‌ನಿಂದ ಹೆಚ್ಚು ಪ್ರಯೋಜನವಿಲ್ಲ.

ಹಾಗಾದರೆ ಕಾರ್ಪೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ರಗ್ ನಮ್ಮದು. ಊಟದ ಹೊತ್ತಿಗೆ ಸುತ್ತಿ ಪಕ್ಕಕ್ಕಿಡುತ್ತೇವೆ, ಕಲೆಯಾದರೆ ತೊಳೆಸುತ್ತೇವೆ, ಮನೆ ಬದಲಿಸಿದರೆ ಜೊತೆಗೆ ಒಯ್ಯುತ್ತೇವೆ. ಮರದ ಮೇಲೆ ಬಿದ್ದ ಸಾರನ್ನು ತಕ್ಷಣ ಒರೆಸಿದರೆ ಕುರುಹೇ ಇರುವುದಿಲ್ಲ.

ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ರೇಡಿಯೇಟರ್ ಬಿಸಿಗೆ ಗಾಳಿ ಒಣಗಿ ಹಲಗೆಗಳ ನಡುವೆ ಸಂದಿ ಬಿಡುತ್ತದೆ, ಸಾಸಿವೆ ಕಾಳು ಹೋಗಿ ಕೂರುತ್ತದೆ. ಬೇಸಿಗೆಯ ಸೆಖೆಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಕೆಟ್ ನೀರು ಮಾತ್ರ ಬೇಡವೇ ಬೇಡ, ಹಿಂಡಿದ ಬಟ್ಟೆ ಸಾಕು.

ತಿಂಗಳ ಬಾಡಿಗೆಯಲ್ಲಿ ಟವರಿನ ಮನೆಗಿಂತ ಇದು ನಮಗೆ ಅಗ್ಗ. ಜಿಮ್ ಇಲ್ಲ, ಲಿಫ್ಟ್ ನಿಧಾನ. ಅವೆರಡೂ ನಮಗೆ ಮುಖ್ಯವಲ್ಲ. ಜಿಮ್ ಬೇಕೇಬೇಕು, ನೆಲದ ಬಗ್ಗೆ ಯೋಚನೆಯೇ ಬೇಡ ಅನ್ನುವವರು ವಿನೈಲ್ ಮನೆಗೇ ಹೋಗಲಿ.

ಮರದ ನೆಲದ ಮನೆ ನೋಡಲು ಹೋದರೆ ಶೂ ಬಿಚ್ಚಿ, ಬರೀ ಕಾಲಲ್ಲಿ ಎಲ್ಲ ಕೋಣೆಯಲ್ಲೂ ನಡೆಯಿರಿ. ಎಲ್ಲಿ ಕಿರ್ರೆನ್ನುತ್ತದೆ ಎಂದು ಗೊತ್ತಾಗುತ್ತದೆ. ಈಗಾಗಲೇ ಇರುವ ಗೀರುಗಳ ಫೋಟೊ ತೆಗೆದು ಓನರ್‌ಗೆ ಕಳಿಸಿಡಿ. ಮಕ್ಕಳಿದ್ದರೆ ಕೆಳಗೆ ಯಾರೂ ಇಲ್ಲದ ನೆಲಮಹಡಿಯ ಮನೆ ಖಾಲಿ ಇದೆಯಾ ಎಂದು ಕೇಳಿ, ಲೀಸ್‌ನಲ್ಲಿ ಶೇಕಡಾ 80 ಭಾಗದ ಷರತ್ತು ಇದ್ದರೆ ಆ ಮನೆಗೆ ಅದನ್ನು ಬಿಟ್ಟುಕೊಡುತ್ತಾರಾ ಎಂದು ಸಹಿಗೆ ಮುಂಚೆಯೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ.