ಟ್ರೈಪಾಡ್ ವಾಲಿದ್ದು ಸ್ಕ್ರೂ ಸಡಿಲವಾಗಿದ್ದಕ್ಕಲ್ಲ

ಬೇಸಿಗೆ ಹತ್ತಿರವಾಗುತ್ತಿದೆ. ಹೇಮಾವತಿಯ ಹಿನ್ನೀರು ಇಳಿಯುತ್ತಿದ್ದಂತೆ ಹಾಸನದ ಬಳಿಯ ಶೆಟ್ಟಿಹಳ್ಳಿಯ ಚರ್ಚ್ ಎದುರು ಕ್ಯಾಮೆರಾ ಹಿಡಿದವರ ಸಾಲು ಮತ್ತೆ ಶುರುವಾಗುತ್ತದೆ. ಅದಕ್ಕೆ ಮೊದಲೇ ಇದನ್ನು ಬರೆದುಬಿಡುತ್ತಿದ್ದೇನೆ. ಅಲ್ಲಿ ನೀರಿಗೆ ಎಲ್ಲರೂ ಹೆದರುತ್ತಾರೆ. ಹೆದರಬೇಕಾದದ್ದು ನೀರು ಬಿಟ್ಟುಹೋದ ನೆಲಕ್ಕೆ. ಕಳೆದ ವರ್ಷ ಫೆಬ್ರವರಿಯಲ್ಲಿ ನಾನು ಅಲ್ಲಿ ತೊಡೆಯವರೆಗೆ ಹೂತು, ಮೂರು ವರ್ಷ ಕಂತು ಕಟ್ಟಿದ್ದ ಕ್ಯಾಮೆರಾವನ್ನು ಕೆಸರಿಗೆ ಕೊಟ್ಟು ಬಂದೆ.

ನಾನೇನು ಹೊಸಬನಲ್ಲ. ಹಾಸನದಲ್ಲೇ ಇರುವವನು, ಆ ಚರ್ಚಿಗೆ ಹತ್ತಾರು ಬಾರಿ ಹೋದವನು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಗೊರೂರಿನ ಅಣೆಕಟ್ಟೆ ಬಂದ ಮೇಲೆ ಹಿನ್ನೀರಿಗೆ ಸಿಕ್ಕಿದ್ದು, ಇವೆಲ್ಲ ಇಲ್ಲಿನವರಿಗೆ ಗೊತ್ತಿರುವ ಕಥೆ. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಕಡು ಬೇಸಿಗೆಯಲ್ಲಿ ಸುತ್ತಲೂ ನಡೆದಾಡಬಹುದು. ನಮ್ಮಂಥವರಿಗೆ ಬೇಕಾದದ್ದು ಇವೆರಡರ ನಡುವಿನ ದಿನಗಳು. ನೀರು ಗೋಡೆಗಳ ಬುಡದ ಆಸುಪಾಸಿನಲ್ಲಿರಬೇಕು, ಗಾಳಿ ಏಳುವ ಮೊದಲು ಕಮಾನುಗಳ ಪ್ರತಿಬಿಂಬ ಕನ್ನಡಿಯಲ್ಲಿ ಕಂಡಂತೆ ಕಾಣಬೇಕು. ನೆಲ ಅತಿ ಮೋಸ ಮಾಡುವುದೂ ಅದೇ ದಿನಗಳಲ್ಲಿ.

ಬೆಳಗ್ಗೆ ಆರು ಗಂಟೆಗೆ ದಡದಲ್ಲಿದ್ದೆ. ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲು ಗಂಟೆ. ಜೊತೆಗೆ ಬಂದಿದ್ದ ಗೆಳೆಯ ಕಾರಿನಲ್ಲೇ ಕಿವಿಗೆ ಮಫ್ಲರ್ ಸುತ್ತಿಕೊಂಡು ನಿದ್ದೆಗೆ ಜಾರಿದ. ಕ್ಯಾಮೆರಾಗೆ 16 ಮಿ.ಮೀ.ನ ವೈಡ್ ಲೆನ್ಸ್ ಹಾಕಿದ್ದೆ. ನನ್ನ ಅನಾಹುತದ ಮೊದಲ ಪಾಲು ಈ ಲೆನ್ಸಿನದು. ವೈಡ್ ಲೆನ್ಸಿನಲ್ಲಿ ಎದುರಿನ ಕಟ್ಟಡ ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಇನ್ನು ನಾಲ್ಕು ಹೆಜ್ಜೆ ಮುಂದೆ ಹೋಗೋಣ ಅನ್ನಿಸುತ್ತದೆ, ಹೋದ ಮೇಲೆ ಇನ್ನೂ ನಾಲ್ಕು. ಬಿರುಕು ಬಿಟ್ಟ ಮಣ್ಣು ಚೌಕಟ್ಟಿನ ಕೆಳಭಾಗದಲ್ಲಿ ಬರಲಿ ಎಂಬ ಆಸೆ ಬೇರೆ. ಹಾಗೆ ಹೋಗುತ್ತಾ ಹೋಗುತ್ತಾ ನೀರಿನಂಚಿಗೆ ಹತ್ತು ಮಾರು ದೂರದಲ್ಲಿ ಕ್ಯಾಮೆರಾ ನಿಲ್ಲಿಸುವ ಮುಕ್ಕಾಲಿಯನ್ನು, ಅಂದರೆ ಟ್ರೈಪಾಡನ್ನು ಊರಿದೆ.

ಮೂವತ್ತು ಸೆಕೆಂಡಿನ ಎಕ್ಸ್‌ಪೋಷರ್, ಅಷ್ಟು ಹೊತ್ತೂ ಕ್ಯಾಮೆರಾ ಅಲುಗಬಾರದು. ಮೊದಲ ಚಿತ್ರ ಮಸುಕಾಗಿ ಬಂತು. ಎರಡನೆಯದರಲ್ಲಿ ಚರ್ಚ್ ಎಡಕ್ಕೆ ವಾಲಿತ್ತು. ಕ್ಯಾಮೆರಾ ಕೂರುವ ಟ್ರೈಪಾಡ್ ತಲೆಯ ಸ್ಕ್ರೂ ಸಡಿಲವಾಗಿದೆ ಎಂದುಕೊಂಡು ಬಿಗಿ ಮಾಡಿ, ರಸಮಟ್ಟದ ಗುಳ್ಳೆಯನ್ನು ನಡುವಿಗೆ ತಂದೆ. ಮೂರನೆಯದೂ ವಾಲಿತು. ಮತ್ತೆ ಬಿಗಿ ಮಾಡಿದೆ, ಅಗ್ಗದ ತಲೆ ಕೊಂಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಅಷ್ಟು ಹೊತ್ತಿಗೆ ಟ್ರೈಪಾಡಿನ ಒಂದು ಕಾಲು ನಾಲ್ಕು ಬೆರಳು ನೆಲದೊಳಗೆ ಇಳಿದಿತ್ತು. ಕೆಳಗೆ ನೋಡುವ ಬುದ್ಧಿ ನನಗೆ ಬರಲಿಲ್ಲ.

ನಿಂತ ನೀರಿನ ತಳದಲ್ಲಿ ಕೂರುವ ಹೂಳು ತೀರಾ ನಯವಾದ ಮಣ್ಣು. ನೀರು ಹಿಂದೆ ಸರಿದು ನಾಲ್ಕಾರು ದಿನ ಬಿಸಿಲು ಬಿದ್ದರೆ ಮೇಲ್ಪದರ ಒಣಗಿ ಬಿರುಕು ಬಿಡುತ್ತದೆ, ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ. ಅದರ ಕೆಳಗೆ ನೀರು ಹಾಗೆಯೇ ಉಳಿದಿರುತ್ತದೆ. ಆರಿದ ಗಂಜಿಯ ಮೇಲೆ ಕೆನೆ ಕಟ್ಟುತ್ತದಲ್ಲ, ಹಾಗೆ. ಚೌಕಟ್ಟು ಸರಿಮಾಡಲು ನಾನು ಪಕ್ಕಕ್ಕೆ ಇಟ್ಟ ಒಂದು ಹೆಜ್ಜೆಗೆ ಆ ಕೆನೆ ಹರಿಯಿತು. ಎಡಗಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ಎಳೆಯಲು ಬಲಗಾಲಿನ ಮೇಲೆ ಭಾರ ಹಾಕಿದೆ, ಅದು ತೊಡೆಯವರೆಗೆ ಇಳಿಯಿತು. ಬೀಳುವಾಗ ಕೈಗೆ ಸಿಕ್ಕಿದ್ದು ಟ್ರೈಪಾಡ್. ಅದೂ ನನ್ನ ಜೊತೆಗೇ ಬಂತು, ಕ್ಯಾಮೆರಾ ಮುಖ ಅಡಿಯಾಗಿ.

ಒದ್ದಾಡಿದಷ್ಟೂ ಕಾಲು ಇನ್ನಷ್ಟು ಬಿಗಿಯಾಯಿತು. ಕೂಗಿದೆ. ಗೆಳೆಯನಿಗೆ ಕೇಳಿಸಲಿಲ್ಲ, ಮೊಬೈಲ್ ಬ್ಯಾಗಿನಲ್ಲಿತ್ತು, ಬ್ಯಾಗು ದಡದಲ್ಲಿತ್ತು. ಕೇಳಿಸಿಕೊಂಡವರು ಬಲೆ ಎತ್ತಲು ಬಂದಿದ್ದ ಮೀನುಗಾರರೊಬ್ಬರು. ನನ್ನ ಬಳಿಗೆ ನಡೆದು ಬರುವ ತಪ್ಪನ್ನು ಅವರು ಮಾಡಲಿಲ್ಲ. ತೆಪ್ಪವನ್ನೇ ಕೆಸರಿನ ಮೇಲೆ ಜಾರಿಸಿಕೊಂಡು ಬಂದು, ಅದರ ಅಂಚಿಗೆ ಎದೆ ಒರಗಿಸಿ ಮಲಗಲು ಹೇಳಿದರು. "ಮೇಲಕ್ಕೆ ಎಳೆಯಬೇಡಿ ಸ್ವಾಮಿ. ಕಾಲನ್ನು ನಿಧಾನಕ್ಕೆ ಆ ಕಡೆ ಈ ಕಡೆ ಆಡಿಸಿ, ಸಂದಿಗೆ ನೀರು ಇಳಿಯಲಿ" ಎಂದರು. ನೇರವಾಗಿ ಎಳೆದರೆ ಪಾದದ ಕೆಳಗೆ ಗಾಳಿಯೂ ಇಲ್ಲದೆ, ನೀರೂ ಇಲ್ಲದೆ ಕೆಸರು ಹೀರಿ ಹಿಡಿಯುತ್ತದೆ. ಎರಡು ಕಾಲು ಹೊರಬರಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಎಡಗಾಲಿನ ಶೂ ಈಗಲೂ ಅಲ್ಲೇ ಇದೆ.

ದಡಕ್ಕೆ ಬಂದ ಮೇಲೆ ನಾನು ಮಾಡಿದ್ದು ಇನ್ನೊಂದು ಮೂರ್ಖತನ. ಚಿತ್ರಗಳು ಉಳಿದಿವೆಯೇ ಎಂದು ನೋಡಲು ಕ್ಯಾಮೆರಾದ ಗುಂಡಿ ಒತ್ತಿದೆ. ಒಮ್ಮೆ ಬೆಳಗಿತು, ಆರಿತು. ನೀರು ಹೊಕ್ಕ ಕ್ಯಾಮೆರಾವನ್ನು ಆನ್ ಮಾಡಬೇಡಿ. ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಮೆಮೊರಿ ಕಾರ್ಡ್. ತುಂತುರು ಮಳೆ ತಡೆಯುವ ಕ್ಯಾಮೆರಾ ಮುಳುಗಿದರೂ ತಡೆಯುತ್ತದೆ ಎಂಬುದೂ ಭ್ರಮೆ. ಮನೆಯಲ್ಲಿ ಅಮ್ಮ ಅದನ್ನು ಎರಡು ದಿನ ರಾಜಮುಡಿ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರು. ಅಕ್ಕಿಯ ಧೂಳು ಲೆನ್ಸಿನ ಉಂಗುರಕ್ಕೆ ಸೇರಿದ್ದಷ್ಟೇ ಲಾಭ. ರಿಪೇರಿಯವರು ಬಿಚ್ಚಿ ತೋರಿಸಿದಾಗ ಬೋರ್ಡಿನ ಮೇಲೆ ಹೂಳು ಒಣಗಿ ಕಾವಿ ಬಳಿದಂತೆ ಕೂತಿತ್ತು. ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲ ಎಂದರು. ಕಾರ್ಡ್ ಮಾತ್ರ ಬದುಕಿದೆ. ಅದರಲ್ಲಿರುವ ಮೂರು ಚಿತ್ರಗಳಲ್ಲಿ ಒಂದು ಮಸುಕು, ಎರಡು ವಾಲಿದವು.

ಈಗ ನಾನು ಹೊರಡುವ ಮೊದಲು ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುತ್ತೇನೆ. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ಇವತ್ತಿನ ಅಂಕಿಗಿಂತ ಕಳೆದ ವಾರದ ಅಂಕಿ ಮುಖ್ಯ. ಆ ವಾರದಲ್ಲಿ ಮಟ್ಟ ಚೆನ್ನಾಗಿ ಇಳಿದಿದ್ದರೆ ನೀರಿನಂಚಿನ ನೆಲವೆಲ್ಲ ಹಸಿ ಹೂಳು ಎಂದರ್ಥ. ದನಗಳ ಹೆಜ್ಜೆ ಎಲ್ಲಿ ಆಳವಾಗತೊಡಗುತ್ತದೋ ಅಲ್ಲಿಗೆ ನಿಲ್ಲುತ್ತೇನೆ, ಕೋಲಿನಿಂದ ಕುಟ್ಟಿ ನೋಡುತ್ತೇನೆ. ಟ್ರೈಪಾಡ್ ಕಾಲುಗಳ ಕೆಳಗೆ ಹಳೆಯ ಸಿ.ಡಿ. ಇಟ್ಟರೆ ಹೂತುಹೋಗುವುದಿಲ್ಲ ಎಂದು ಕೆಲವರು ಹೇಳಿಕೊಡುತ್ತಾರೆ. ನಿಜ, ಟ್ರೈಪಾಡ್ ನಿಲ್ಲುತ್ತದೆ. ನೀವು ನಿಲ್ಲುವುದಿಲ್ಲ. ಪ್ರತಿಬಿಂಬವೇ ಬೇಕೆಂದರೆ ಗಟ್ಟಿ ದಡದಲ್ಲೇ ನಿಂತು, ದೂರದ್ದನ್ನು ಹತ್ತಿರ ತರುವ 70 ಮಿ.ಮೀ. ಲೆನ್ಸ್ ಹಾಕಿ. ಒಡೆದ ಮಣ್ಣು ಚಿತ್ರದಲ್ಲಿ ಬರುವುದಿಲ್ಲ, ಬರದಿದ್ದರೆ ಬಿಡಿ. ದಡದಲ್ಲಿ ತೆಪ್ಪ ಮಗುಚಿಟ್ಟಿರುವುದು ಕಂಡರೆ ಅದರ ಯಜಮಾನರು ಹತ್ತಿರದಲ್ಲೇ ಇರುತ್ತಾರೆ. ಕಾಲಿಡುವ ಮೊದಲು ಅವರನ್ನು ಒಂದು ಮಾತು ಕೇಳಿ. ನಾನು ಅವರ ತೆಪ್ಪವನ್ನು ದಾಟಿಕೊಂಡೇ ಕೆಸರಿಗೆ ಇಳಿದಿದ್ದೆ.